ನೂರನೆಯ ಪೊಟ್ಟಣ

ಎಣಿಸದೆ ಒಂದಂಕಿಯನ್ನೂ ಬರೆಯುವುದಿಲ್ಲ, ನೀನೂ ಬರೆಯಬೇಡ ನಾನೂ ಬರೆಯುವುದಿಲ್ಲ ಎಂದು ಹದಿಮೂರು ವರ್ಷಗಳ ಹಿಂದೆ ಅವಳು ಮಗಳ ಕಿರುಬೆರಳಿಗೆ ತನ್ನ ಕಿರುಬೆರಳನ್ನು ಕೊಂಡಿ ಹಾಕಿ ಮಾತು ಕೊಟ್ಟಿದ್ದಳು. ಆಗ ಮಗಳಿಗೆ ಏಳು ವರ್ಷ. ನಿಮ್ಮ ಬೀದಿಯಲ್ಲಿರುವ ಕಿಟಕಿಗಳನ್ನು ಎಣಿಸಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿ ಕಳಿಸಿದ್ದರು. ಹುಡುಗಿ ಬಾಗಿಲಾಚೆ ಕಾಲಿಡದೆ, ಪೆನ್ಸಿಲಿನ ತುದಿ ಕಚ್ಚುತ್ತ ಕೂತು, ನೂರು ಎಂದು ಬರೆದಿಟ್ಟಿದ್ದಳು. ನೂರರ ಮುಖ ನೋಡಿದರೆ ಸಾಕು, ಅದು ಎಣಿಸಿದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅವಳು ಮಗಳನ್ನು ಬೀದಿಗೆ ಅಟ್ಟಿದಳು. ಇಪ್ಪತ್ತು ನಿಮಿಷದ ಮೇಲೆ ಹುಡುಗಿ ಏದುಸಿರು ಬಿಡುತ್ತ ಬಂದು ಅರವತ್ತಮೂರು ಎಂದಳು. ಅರವತ್ತಮೂರು! ಅಂಥ ಅಡ್ಡಾದಿಡ್ಡಿ ಅಂಕಿಯನ್ನು ಯಾರೂ ಸುಮ್ಮನೆ ಹುಟ್ಟಿಸಲಾರರು ಎಂದು ಅವಳಿಗೆ ಎದೆ ತುಂಬಿ ಬಂತು. ತುಂಬಿದ ಎದೆಯಲ್ಲಿ ಮನುಷ್ಯರು ಏನೇನನ್ನೋ ಆಡಿಬಿಡುತ್ತಾರೆ. ಅವಳೂ ಆಡಿದಳು.

ಈಗ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅದೇ ಮಗಳು ಊಟದ ಮೇಜಿನ ಆಚೆ ಬದಿಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಳು. ನಾಳೆ ತಾಯಿಗೆ ಪರೀಕ್ಷೆ. ಸಂಖ್ಯಾಶಾಸ್ತ್ರದ ಮೊದಲ ಪಾಠಗಳು, ಕೊನೆಯ ಪರೀಕ್ಷೆ. ಭಾನುವಾರದ ತರಗತಿಯ ಸರ್ಟಿಫಿಕೇಟಿಗೆ ಉಳಿದಿದ್ದ ಒಂದೇ ಒಂದು ವಿಷಯ. ಮೊದಲ ಸಲ ಅವಳಿಗೆ ಮೂವತ್ತೊಂದು ಬಂದಿತ್ತು, ಎರಡನೆಯ ಸಲ ಮೂವತ್ತಮೂರು, ಪಾಸಾಗಲು ಮೂವತ್ತೈದು ಬೇಕು. "ಗೆರೆ ಎಳೆದು ನೋಡಿದ್ರೆ ಈ ಸಲ ಸರಿಯಾಗಿ ಮೂವತ್ತೈದು ಬರ್ಬೇಕಮ್ಮ, ಚಿಂತೆ ಯಾಕೆ?" ಎಂದು ಮಗಳು ವಾರದಿಂದ ನಗಾಡುತ್ತಿದ್ದಳು. ಅವಳಿಗೆ ನಗು ಬರುತ್ತಿರಲಿಲ್ಲ. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಅವಳದು ಎಣಿಕೆಯ ಮೇಜು. ಪಾಳಿಗೆ ಇಪ್ಪತ್ತು ಪೊಟ್ಟಣ ತೆಗೆದು, ಬಿಚ್ಚಿ, ಒಳಗಿನ ಕಡ್ಡಿಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು, ಪೊಟ್ಟಣದ ಮೈಮೇಲೆ ಸರಾಸರಿ ಐವತ್ತು ಕಡ್ಡಿ ಎಂದು ಅಚ್ಚಾಗಿರುವುದು ನಿಜವೋ ಅಲ್ಲವೋ ಎಂಬುದಕ್ಕೆ ಅದೊಂದೇ ಸಾಕ್ಷಿ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಇನ್ನು ಮೇಲೆ ಆ ಮೇಜಿಗೆ ಸರ್ಟಿಫಿಕೇಟು ಬೇಕು, ಇದು ಕೊನೆಯ ಅವಕಾಶ, ಇಲ್ಲದಿದ್ದರೆ ಮತ್ತೆ ಅಂಟು ಬಳಿಯುವ ಸಾಲಿಗೆ ಎಂದು ಮೇಲ್ವಿಚಾರಕ ಹೇಳಿದ್ದ. ಅಂಟಿನ ಸಾಲಿನಲ್ಲಿ ನಿಂತವರಿಗೆ ಸಂಜೆ ಹೊತ್ತಿಗೆ ಬೆರಳುಗಳು ಒಂದಕ್ಕೊಂದು ಕಚ್ಚಿಕೊಂಡು ಐದು ಬೆರಳು ಮೂರಾಗಿರುತ್ತಿದ್ದವು.

ಒಳಕೋಣೆಯಲ್ಲಿ ರಾತ್ರಿ ಕಾವಲು ಮುಗಿಸಿ ಬಂದ ಗಂಡ ಗೊರಕೆ ಹೊಡೆಯುತ್ತಿದ್ದ. ನಾಲ್ಕು ಸಣ್ಣದು, ಒಂದು ದೊಡ್ಡದು, ಆಮೇಲೆ ಒಂದು ಗಾಬರಿ ಹುಟ್ಟಿಸುವಂಥ ಮೌನ. ಮೊದಲಾದರೆ ಅವಳು ಅದನ್ನು ಬರೀ ಗೊರಕೆ ಎಂದುಕೊಳ್ಳುತ್ತಿದ್ದಳು. ಈ ಹಾಳು ಪುಸ್ತಕ ಓದಲು ಹಿಡಿದ ಮೇಲೆ ಅದರ ಸರಾಸರಿ ಎಷ್ಟು, ಅದು ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬುದೆಲ್ಲ ತಲೆಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಗಳ ಜೊತೆ ಮಾತಾಡುತ್ತಿದ್ದರು. ಮಂಚದ ಕೆಳಗೆ ಒಂದು ಚೀಲವಿತ್ತು, ಚೀಲದೊಳಗೆ ನೂರು ಬೆಂಕಿಪೊಟ್ಟಣ, ಚೀಟಿ ಸೊಟ್ಟಗೆ ಅಂಟಿದ್ದರಿಂದ ಪಕ್ಕಕ್ಕಿಟ್ಟವು, ಮೇಲ್ವಿಚಾರಕನನ್ನು ಕೇಳಿಯೇ ತಂದದ್ದು. ಚೀಲ ಅಲ್ಲಿದೆ ಎಂಬುದು ತನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ಕೂತಲ್ಲಿಂದ ಅದರ ಒಂದು ಕಿವಿ ಕಾಣುತ್ತಿತ್ತು. ಅವಳು ಅತ್ತ ನೋಡಬಾರದೆಂದುಕೊಂಡಷ್ಟೂ ಅತ್ತಲೇ ನೋಡುತ್ತಿದ್ದಳು.

ಪರೀಕ್ಷೆಯ ಇಪ್ಪತ್ತು ಅಂಕ ಒಂದು ಹಾಳೆಯ ಮೇಲೆ ನಿಂತಿತ್ತು. ಅವರವರು ಕೆಲಸ ಮಾಡುವ ಕಡೆಯಿಂದ ನೂರು ಅಂಕಿ ತಂದು, ಹತ್ತು ಸಾಲು ಹತ್ತು ಮನೆಯಾಗಿ ಅಚ್ಚಾಗಿದ್ದ ಕೋಷ್ಟಕದಲ್ಲಿ ತುಂಬಿ, ಸರಾಸರಿ, ಅಂಕಿಗಳು ಅದರಿಂದ ಎಷ್ಟು ಆಚೀಚೆ ಎಂಬ ವಿಚಲನೆ ಎಲ್ಲ ಲೆಕ್ಕ ಹಾಕಿ, ಕೆಳಗೆ ಸಹಿ ಮಾಡಿ ಪರೀಕ್ಷೆಯ ದಿನ ಒಪ್ಪಿಸಬೇಕು. ಸಹಿಯ ಮೇಲೆ ಒಂದು ಸಾಲು ಇತ್ತು: ಈ ಅಂಕಿಗಳನ್ನು ನಾನೇ ಖುದ್ದಾಗಿ ಎಣಿಸಿ ಬರೆದಿದ್ದೇನೆ. ತಿಂಗಳ ಹಿಂದೆ ಆ ಸಾಲನ್ನು ಓದಿದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ರಿಜಿಸ್ಟರಿನಿಂದ ಐದು ದಿನದ ಎಣಿಕೆಯನ್ನು ಒಂದು ಹಾಳೆಗೆ ನಕಲು ಮಾಡಿ ಮಗಳ ಕೈಗೆ ಕೊಟ್ಟಿದ್ದಳು. ಮಗಳು ಅದನ್ನೇ ಈಗ ಕ್ಯಾಲ್ಕುಲೇಟರಿಗೆ ಉಣಿಸುತ್ತಿದ್ದಳು. ಟಕ ಟಕ ಟಕ.

"ಅಮ್ಮಾ."

"ಏನೇ?"

"ನಿಮ್ಮ ಕಡ್ಡಿ ತುಂಬೋ ಮಷೀನಿಗೆ ಹಾರ ಹಾಕ್ಬೇಕು ಕಣಮ್ಮ."

"ಯಾಕೆ, ಏನಾಯ್ತು?"

"ನೂರು ಪೊಟ್ಟಣದಲ್ಲಿ ನಲವತ್ತೊಂದು ಸಲ ಐವತ್ತು. ನಲವತ್ತೆಂಟಕ್ಕಿಂತ ಕೆಳಗಿಲ್ಲ, ಐವತ್ತೆರಡಕ್ಕಿಂತ ಮೇಲಿಲ್ಲ. ವಿಚಲನೆ ಒಂದರಷ್ಟೂ ಇಲ್ಲ. ಇಷ್ಟು ಶಿಸ್ತು ಸೈನ್ಯದಲ್ಲೂ ಇರಲ್ಲ."

"ಹೊಸ ಮಷೀನು," ಎಂದಳು ಅವಳು. ಮಷೀನು ಅವಳಿಗಿಂತ ಎರಡೇ ವರ್ಷ ಚಿಕ್ಕದು.

ಅವಳಿಗೆ ಕಿವಿಯ ತುದಿ ಬಿಸಿಯಾಯಿತು. ಹೋದ ಭಾನುವಾರವೂ ಹೀಗೇ ಆಗಿತ್ತು. ಭಾನುವಾರದ ತರಗತಿಯ ಮೇಷ್ಟ್ರು ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ತೊಡೆ ಬೆಳ್ಳಗೆ ಮಾಡಿಕೊಳ್ಳುವವನು. ಅವನು ತರಗತಿಯನ್ನು ಎರಡು ಪಾಲು ಮಾಡಿ, ಈ ಕಡೆಯವರು ನಾಣ್ಯ ಚಿಮ್ಮಿ ಐವತ್ತು ಸಲ ಏನು ಬಂತೋ ಬರೆಯಿರಿ, ಆ ಕಡೆಯವರು ಚಿಮ್ಮದೆ ಮನಸ್ಸಿನಿಂದಲೇ ಐವತ್ತು ಬರೆಯಿರಿ, ಹಾಳೆಯ ಮೇಲೆ ಯಾವ ಕಡೆಯವರೆಂದು ಹಾಕಬೇಡಿ ಎಂದು ಹೊರಗೆ ಹೋಗಿ ನಿಂತಿದ್ದ. ಅವಳು ಚಿಮ್ಮುವ ಪಾಲಿನವಳು. ಒಂಬತ್ತನೆಯ ಸಲಕ್ಕೆ ನಾಣ್ಯ ಕೈತಪ್ಪಿ ಉರುಳುತ್ತ ಹೋಗಿ ಗೋಡೆಯ ಕಪಾಟಿನಡಿ ಸೇರಿಕೊಂಡಿತು. ನಲವತ್ತೈದು ವರ್ಷದ ಹೆಂಗಸು, ಮುಂದಿನ ಬೆಂಚಿನಲ್ಲಿ ಮಗಳ ವಯಸ್ಸಿನ ಹುಡುಗಿಯರು, ನೆಲದ ಮೇಲೆ ಬೋರಲಾಗಿ ಮಲಗಿ ಕಪಾಟಿನಡಿ ಕೈ ಹಾಕುವುದು ಹೇಗೆ? ಪಕ್ಕದವಳನ್ನು ಇನ್ನೊಂದು ನಾಣ್ಯ ಕೇಳಲೂ ನಾಚಿಕೆ. ಉಳಿದ ನಲವತ್ತೆರಡನ್ನು ಅವಳು ತೋಚಿದಂತೆ ಬರೆದಳು, ರಾಜ, ರಾಣಿ, ರಾಣಿ, ರಾಜ, ಯಾರಿಗೂ ಅನ್ಯಾಯವಾಗದ ಹಾಗೆ. ಮೇಷ್ಟ್ರು ಒಳಗೆ ಬಂದು ಹಾಳೆಗಳನ್ನು ತಿರುವಿ, ಇದು ನಾಣ್ಯ, ಇದು ಮನುಷ್ಯ, ಇದು ನಾಣ್ಯ ಎಂದು ಎರಡು ರಾಶಿ ಮಾಡಿದ. ಅವಳ ಹಾಳೆಯನ್ನು ಎತ್ತಿ, "ಇದಂತೂ ಮನುಷ್ಯ, ಅದೂ ತುಂಬ ನ್ಯಾಯವಂತ ಮನುಷ್ಯ. ಯಾರದ್ದು?" ಎಂದ. ಅವಳು ಚಿಮ್ಮುವವರ ಸಾಲಿನಿಂದ ಕೈ ಎತ್ತಿದಳು. ಇಡೀ ತರಗತಿ ತಿರುಗಿ ನೋಡಿತು. "ಇರ್ಲಿ ಬಿಡಿ ಮೇಡಂ," ಎಂದ ಮೇಷ್ಟ್ರು. ಬೈದಿದ್ದರೆ ಎಷ್ಟೋ ಮೇಲಿತ್ತು. ಸುಳ್ಳು ಬರೆಯೋರಿಗೆ ಯಾವತ್ತೂ ಒಂದು ಹೆದರಿಕೆ, ಒಂದೇ ಅಂಕಿ ನಾಲ್ಕು ಸಲ ಸಾಲಾಗಿ ಬಂದ್ರೆ ಸುಳ್ಳು ಅನ್ಸುತ್ತೆ ಅಂತ. ನಾಣ್ಯಕ್ಕೆ ಆ ಹೆದರಿಕೆ ಇಲ್ಲ, ಅದು ಆರು ಸಲ ಬೇಕಾದ್ರೂ ರಾಜನನ್ನೇ ತೋರಿಸುತ್ತೆ ಎಂದು ಅವನು ವಿವರಿಸುತ್ತಿದ್ದಾಗ ಅವಳು ಕಪಾಟಿನ ಕಾಲುಗಳನ್ನು ನೋಡುತ್ತ ಕೂತಿದ್ದಳು. ಆಗಲೇ ಅವಳಿಗೆ ಅದು ನೆನಪಾದದ್ದು. ರಿಜಿಸ್ಟರು!

ಮೊದಮೊದಲು ಅವಳು ಎಣಿಸುತ್ತಿದ್ದಳು. ಅದರಲ್ಲಿ ಅನುಮಾನವಿಲ್ಲ. ಎಡಗೈಯಿಂದ ಐದೈದು ಕಡ್ಡಿ ಸರಿಸುತ್ತ, ಮದ್ದಿನ ತಲೆಗಳೆಲ್ಲ ಒಂದೇ ಕಡೆ ಇರುವಂತೆ ಜೋಡಿಸುತ್ತ. ಎರಡನೆಯ ವರ್ಷದಲ್ಲಿ ಒಂದು ದಿನ ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಹೇಳಿ ಕಳಿಸಿದಾಗ ಹದಿನೈದು ಪೊಟ್ಟಣ ಮುಗಿದಿತ್ತು, ಐದು ಉಳಿದಿತ್ತು. "ಬರ್ಕೊಂಡು ಹೋಗಿ ಎಣಿಕೆಯಮ್ಮ, ಯಾರು ನೋಡ್ತಾರೆ?" ಎಂದಿದ್ದ ಮೇಲ್ವಿಚಾರಕ. ಐವತ್ತು, ನಲವತ್ತೊಂಬತ್ತು, ಐವತ್ತೊಂದು, ಐವತ್ತು, ಐವತ್ತು. ಯಾರೂ ನೋಡಲಿಲ್ಲ. ಮರುವಾರ ಹತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಇಪ್ಪತ್ತೂ. ಉಳಿದ ಕಾಲು ಗಂಟೆಯಲ್ಲಿ ಮಗಳ ಪಾಠ ಓದುತ್ತಿದ್ದೆ, ಬಟ್ಟೆ ಹೊಲಿಯುತ್ತಿದ್ದೆ ಎಂದು ಹೇಳಿಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ಏನೂ ಮಾಡುತ್ತಿರಲಿಲ್ಲ. ಚಪ್ಪಲಿ ಬಿಚ್ಚಿ, ಖಾಲಿ ಮರದ ಪೆಟ್ಟಿಗೆಯ ಮೇಲೆ ಎರಡೂ ಕಾಲು ಚಾಚಿ, ಕಿಟಕಿಯಾಚೆ ಗೋಡೆಯ ಮೇಲಿನ ಬಿರುಕನ್ನು ನೋಡುತ್ತ ಸುಮ್ಮನೆ ಕೂತಿರುತ್ತಿದ್ದಳು. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗಿನ ದಿನದಲ್ಲಿ ಆ ಕಾಲು ಗಂಟೆ ಬಿಟ್ಟರೆ ಉಳಿದದ್ದೆಲ್ಲ ಬೇರೆಯವರದಾಗಿತ್ತು. ಬಿರುಕು ಮೊದಲು ನದಿಯ ಹಾಗಿತ್ತು, ನಾಲ್ಕನೆಯ ವರ್ಷಕ್ಕೆ ಒಂಟೆಯ ಹಾಗಾಯಿತು. ಸುಣ್ಣ ಹೊಡೆಸಿದಾಗ ಅವಳಿಗೆ ಎರಡು ದಿನ ಊಟ ರುಚಿಸಿರಲಿಲ್ಲ.

"ಅಮ್ಮ, ಎಲ್ಲಿದೀಯ? ಈ ಅಂಕಿ ಕೊಟ್ರೆ ಮೇಷ್ಟ್ರು ನಂಬಲ್ಲ."

"ಅದು ತಪ್ಪು ಹಾಳೆ ಕಣೇ. ಸರಿಯಾದದ್ದು ಇಲ್ಲಿದೆ ನೋಡು."

ಅವಳು ಪಠ್ಯಪುಸ್ತಕದ ನಡುವಿನಿಂದ ನಾಲ್ಕಾಗಿ ಮಡಿಸಿದ ಇನ್ನೊಂದು ಹಾಳೆ ತೆಗೆದಳು. ಈ ವಾರವಿಡೀ ಅವಳು ಮಾಡಿದ್ದ ಘನಕಾರ್ಯ ಅದು. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಮಧ್ಯಾಹ್ನ, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನಂಬುವಂಥ ಸುಳ್ಳು ಹೇಗಿರುತ್ತದೆಂದು ಓದಿದ್ದಳು. ಗಂಟೆಯಾಕಾರದ ಗೆರೆ ಎಂದರೇನೆಂದು ಎರಡು ಪರೀಕ್ಷೆಗಳಿಗೆ ಹತ್ತದ ತಲೆಗೆ ಎರಡು ಮಧ್ಯಾಹ್ನದಲ್ಲಿ ಹತ್ತಿತು. ನೂರರಲ್ಲಿ ಅರವತ್ತೆಂಟು ಒಂದು ವಿಚಲನೆಯೊಳಗೆ ಬೀಳಬೇಕು, ತೊಂಬತ್ತೈದು ಎರಡರೊಳಗೆ, ಅಲ್ಲಲ್ಲಿ ಒಂದೊಂದು ದೂರ ಎಗರಿ ಬೀಳಬೇಕು. ಒಂದೇ ಅಂಕಿ ಮೂರು ಸಲ ಸಾಲಾಗಿ ಬರಲೇಬೇಕೆಂದು ಮೂರು ಕಡೆ ಬರಿಸಿದಳು. ಒಂದು ನಲವತ್ತನಾಲ್ಕನ್ನು ಎಲ್ಲಿ ಕೂರಿಸುವುದೆಂದು ಬಸ್ಸಿನಲ್ಲಿ ಯೋಚಿಸುತ್ತ ತನ್ನ ನಿಲ್ದಾಣ ದಾಟಿ ಹೋಗಿದ್ದಳು. ಗುರುವಾರ ಕೊನೆಯ ಮನೆ ತುಂಬಿದ ಮೇಲೆ ಸುಮ್ಮನೆ ಕುತೂಹಲಕ್ಕೆಂದು ಒಂದು ಪೊಟ್ಟಣ ಬಿಚ್ಚಿ, ಗಡಿಯಾರ ನೋಡಿಕೊಂಡು ಎಣಿಸಿದಳು. ನಲವತ್ತು ಸೆಕೆಂಡು. ನೂರು ಪೊಟ್ಟಣಕ್ಕೆ ಒಂದು ಗಂಟೆ ಏಳು ನಿಮಿಷ. ಸುಳ್ಳಿಗೆ ಎರಡು ಗಂಟೆ ಹಿಡಿದಿತ್ತು, ಬಸ್ಸಿನದು ಬೇರೆ. ಶನಿವಾರ ಅವಳು ಆ ಚೀಲವನ್ನು ಕೇಳಿ ತಂದದ್ದು ಯಾಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ತಂದವಳು ಅದನ್ನು ಮಂಚದ ಕೆಳಗೆ ದೂಡಿ, ಕಾಲಿನಿಂದ ಇನ್ನಷ್ಟು ದೂಡಿದ್ದಳು.

ಮಗಳು ಎರಡನೆಯ ಹಾಳೆಯನ್ನು ಉಣಿಸಿ ಮುಗಿಸುವಷ್ಟರಲ್ಲಿ ಒಳಗಿನ ಗೊರಕೆ ಎರಡು ಸಲ ನಿಂತು ಹೊರಟಿತ್ತು.

"ಸರಾಸರಿ ಐವತ್ತು. ಐವತ್ತು ಅಂದ್ರೆ ಐವತ್ತೇ, ಚುಕ್ಕಿ ಸೊನ್ನೆ ಸೊನ್ನೆ."

"ಒಳ್ಳೇದಲ್ವಾ?"

"ವಿಚಲನೆ ಎರಡೂವರೆ, ಅದಕ್ಕೂ ಚುಕ್ಕಿ ಸೊನ್ನೆ. ಒಂದು ವಿಚಲನೆಯೊಳಗೆ ಅರವತ್ತೆಂಟು, ಎರಡರೊಳಗೆ ತೊಂಬತ್ತೈದು. ಅಮ್ಮಾ, ಪುಸ್ತಕದ ಚಿತ್ರ ಎದ್ದು ಬಂದು ನಮ್ಮ ಮೇಜಿನ ಮೇಲೆ ಕೂತ ಹಾಗಿದೆ." ಮಗಳು ಪೆನ್ನು ಕೆಳಗಿಟ್ಟಳು. "ಆ ಹಾಳೆ ಮೂಗನ ಹಾಗಿತ್ತು, ಈ ಹಾಳೆ ಮದುವಣಗಿತ್ತಿ ಹಾಗಿದೆ. ಎಣಿಸಿದೆಯಾ?"

ಎಣಿಸಿದೆ ಎನ್ನಲು ಅವಳು ಬಾಯಿ ತೆರೆದಳು. ಮಗಳ ಕಿರುಬೆರಳು ಮೇಜಿನ ಮೇಲಿತ್ತು. ಈಗ ಉದ್ದವಾಗಿದ್ದ, ಉಗುರಿಗೆ ಬಣ್ಣ ಹಚ್ಚಿದ್ದ ಬೆರಳು. ಅವಳು ಬಾಯಿ ಮುಚ್ಚಿದಳು, ಮತ್ತೆ ತೆರೆದು, "ನಾಲ್ಕು ದಿನ ಊಟ ಬಿಟ್ಟು ಬರೆದಿದ್ದೀನಿ ಕಣೇ," ಎಂದಳು.

"ಮೊದಲಿನ ಹಾಳೆ?"

"ಅದಕ್ಕೇನೂ ಕಷ್ಟ ಪಡಲಿಲ್ಲ."

"ಎಷ್ಟು ದಿನದಿಂದ?"

"ದಿನ ಅಲ್ಲ, ವರ್ಷ. ಒಂಬತ್ತು."

ಮಗಳು ಏನಾದರೂ ಅನ್ನುತ್ತಾಳೆಂದು ಅವಳು ಕಾದಳು. ಬೈದರೆ ತಿರುಗಿ ಬೈಯಬಹುದಿತ್ತು, ನಿನ್ನ ಜ್ವರದಿಂದಲೇ ಶುರುವಾದದ್ದು ಎಂದು. ಮಗಳ ಮುಖ ಮಾತ್ರ ಒಂದು ವಿಚಿತ್ರ ರೀತಿಯಲ್ಲಿ ಕೆಂಪಗಾಗುತ್ತ ಹೋಯಿತು, ಕುತ್ತಿಗೆಯಿಂದ ಮೇಲಕ್ಕೆ, ಕೊನೆಗೆ ಮೂಗಿನಿಂದ ಗೊರ್ರ್ ಎಂದು ನಗು ಹೊರಬಿತ್ತು.

"ಅರವತ್ತಮೂರು," ಎಂದಳು ಮಗಳು.

"ಏನದು?"

"ಕಿಟಕಿಗಳು. ನಾನು ಎಣಿಸಿರಲಿಲ್ಲ ಅಮ್ಮ. ಆ ಮೂಲೆ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದೆ. ನೂರು ಅಂದ್ರೆ ನೀನು ನಂಬಲ್ಲ ಅಂತ ಗೊತ್ತಾಗಿತ್ತು. ಅದಕ್ಕೆ ನಂಬೋ ಥರದ್ದು ಯಾವುದು ಅಂತ ಯೋಚನೆ ಮಾಡಿದೆ. ಆಮೇಲೆ ಸುಸ್ತಾದ ಹಾಗೆ ಕಾಣಲಿ ಅಂತ ಮನೆ ಹತ್ರ ಬಂದು ಓಡಿದೆ."

ಹದಿಮೂರು ವರ್ಷಗಳಿಂದ ಅವಳು ಆ ಅರವತ್ತಮೂರನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ್ದಳು. ನನ್ನ ಮಗಳು ಎಣಿಸಿ ಬಂದಳು ಎಂದು ಎಣಿಕೆಯ ಮೇಜಿನ ಆಚೀಚಿನವರಿಗೆಲ್ಲ ಹೇಳಿದ್ದಳು. ಕೋಪ ಬರಬೇಕಿತ್ತು. ಏಳು ವರ್ಷದ ಹುಡುಗಿ ಮೆಟ್ಟಿಲ ಮೇಲೆ ಕೂತು, ನಾನು ನಾಲ್ಕು ಮಧ್ಯಾಹ್ನ ಒದ್ದಾಡಿ ಕಲಿತದ್ದನ್ನು ಇಪ್ಪತ್ತು ನಿಮಿಷದಲ್ಲಿ ಕಲಿತಳಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು, ಹೆಮ್ಮೆಯಾದದ್ದಕ್ಕೆ ನಾಚಿಕೆಯಾಯಿತು.

"ಕಳ್ಳೀ," ಎಂದಳು.

"ನಿನ್ನ ಮಗಳು."

"ಯಾರು ಕಳ್ಳಿ?" ಎಂದು ಅಡುಗೆಮನೆಯಿಂದ ಅತ್ತೆ ಕೂಗಿದರು. "ನನ್ನ ಸಕ್ಕರೆ ಡಬ್ಬಿ ವಿಷಯಾನಾ?"

"ಅಲ್ಲ ಅತ್ತೆ, ಪರೀಕ್ಷೆ ವಿಷಯ."

"ಈ ವಯಸ್ಸಿನಲ್ಲಿ ಪರೀಕ್ಷೆ ಬೇಕಿತ್ತಾ ನಿಂಗೆ? ನಾನು ಇಷ್ಟು ವರ್ಷ ಬದುಕಿದ್ದೀನಿ, ಒಂದು ದಿನವೂ ಸರಾಸರಿ ತೆಗೆದಿಲ್ಲ."

ಅವಳು ಎದ್ದು ಹೋಗಿ, ಬಗ್ಗಿ, ಮಂಚದ ಕೆಳಗಿನಿಂದ ಚೀಲ ಎಳೆದಳು. ಸೊಂಟ ಹಿಡಿದುಕೊಂಡಿತು. ಕಪಾಟಿನಡಿಗೂ ಹೀಗೇ ಬಗ್ಗಬಹುದಿತ್ತಲ್ಲ ಎಂದು ಆಗ ಹೊಳೆಯಿತು. ಮಗಳು ಮೇಜಿನ ಮೇಲಿದ್ದ ಎರಡು ಹಾಳೆಗಳನ್ನೂ ಮಡಿಸಿ ಪುಸ್ತಕದೊಳಗಿಟ್ಟು, ಖಾಲಿ ಕೋಷ್ಟಕವನ್ನು ಹರಡಿಕೊಂಡಳು. ನಾನೂ ಎಣಿಸುತ್ತೇನೆ, ಬೇಗ ಮುಗಿಯುತ್ತದೆ ಎಂದಳು. ಬೇಡ, ನಾನೇ ಖುದ್ದಾಗಿ ಎಂದಿದೆ, ನೀನು ಬರೀ ಬರೆ ಎಂದಳು ತಾಯಿ.

ಮೊದಲ ಪೊಟ್ಟಣದಲ್ಲಿ ನಲವತ್ತಾರು. ಎರಡನೆಯದರಲ್ಲಿ ಐವತ್ತಮೂರು. ಅವಳಿಗೆ ನಂಬಿಕೆ ಬರದೆ ಎರಡನೆಯದನ್ನು ಮತ್ತೆ ಎಣಿಸಿದಳು, ಐವತ್ತಮೂರೇ. ಬೆರಳುಗಳು ಐದೈದು ಸರಿಸುವುದನ್ನು ಮರೆತಿರಲಿಲ್ಲ, ಮರೆತದ್ದು ಅವಳೇ. ಹನ್ನೊಂದನೆಯದರಲ್ಲಿ ಐವತ್ತೆಂಟು ಕಡ್ಡಿ ಉಸಿರುಗಟ್ಟಿ ತುಂಬಿಕೊಂಡಿದ್ದವು, ಇಪ್ಪತ್ತೇಳನೆಯದರಲ್ಲಿ ನಲವತ್ತಮೂರು ಆರಾಮವಾಗಿ ಕಾಲು ಚಾಚಿ ಮಲಗಿದ್ದವು. ಮೂವತ್ತೊಂದರಿಂದ ಮೂವತ್ತೈದರವರೆಗೆ ಐದು ಸಲ ಸಾಲಾಗಿ ಐವತ್ತೊಂದು ಬಂತು. "ಇದನ್ನ ನಾನು ಬರೆದಿದ್ರೆ ನೀನು ನಂಬ್ತಿದ್ದೆಯಾ?" ಎಂದಳು. "ಖಂಡಿತ ಇಲ್ಲ," ಎಂದಳು ಮಗಳು. ಒಂಬತ್ತು ವರ್ಷ ಈ ಪೊಟ್ಟಣಗಳೆಲ್ಲ ಅವಳ ಮೇಜಿನ ಮುಂದೆ, ಒಂದು ಹೆಚ್ಚಾಗಿ ಒಂದು ಕಡಿಮೆಯಾಗಿ, ಅವಳಿಗೆ ಕಾಣದೆ ಸಾಗಿ ಹೋಗಿದ್ದವು. ಅವಳು ಅವುಗಳ ಮೇಲೆಲ್ಲ ಐವತ್ತು ಎಂಬ ಒಂದೇ ಹೊದಿಕೆ ಹೊದಿಸಿ ಬಿರುಕು ನೋಡುತ್ತ ಕೂತಿದ್ದಳು.

ಎಣಿಸುತ್ತಲೇ ಅವಳು ಕೇಳಿದಳು, ಎರಡು ವರ್ಷದಿಂದ ಕೇಳಬೇಕೆಂದಿದ್ದದ್ದು. "ಅಲ್ವೇ, ನೂರು ಪೊಟ್ಟಣ ಎಣಿಸಿ, ವಿಚಲನೆ ತೆಗೆಯುವಾಗ ತೊಂಬತ್ತೊಂಬತ್ತರಿಂದ ಯಾಕೆ ಭಾಗಿಸಬೇಕು? ಆ ಒಂದು ಎಲ್ಲಿ ಹೋಯ್ತು? ಮೇಷ್ಟ್ರು ಸ್ವಾತಂತ್ರ್ಯದ ಅಂಶ ಅಂತಾರೆ, ನಾನು ತಲೆ ಆಡಿಸ್ತೀನಿ."

ಮಗಳು ಪೆನ್ನಿನ ತುದಿ ಕಚ್ಚಿದಳು, ಏಳು ವರ್ಷದವಳ ಹಾಗೇ. "ನಮ್ಮನೇಲಿ ನಾಲ್ಕು ಜನ. ಹನ್ನೆರಡು ಬ್ರೆಡ್ ತುಂಡು ಇದೆ ಅನ್ಕೋ. ಸರಾಸರಿ ಎಷ್ಟು?"

"ಮೂರು."

"ಅಪ್ಪ ಬೇಕಾದಷ್ಟು ತಿನ್ನಬಹುದು. ಅಜ್ಜಿ ಬೇಕಾದಷ್ಟು ತಿನ್ನಬಹುದು. ನಾನೂ ಬೇಕಾದಷ್ಟು. ಮೂವರಿಗೂ ಸ್ವಾತಂತ್ರ್ಯ. ನಾಲ್ಕನೆಯವರಿಗೆ?"

ಅವಳ ಕೈ ಅರವತ್ತನೆಯ ಪೊಟ್ಟಣದ ಮೇಲೆ ನಿಂತಿತು. ಎರಡು ವರ್ಷ, ಎರಡು ಪರೀಕ್ಷೆ, ಮೇಷ್ಟ್ರ ಅಷ್ಟೂ ಸೀಮೆಸುಣ್ಣ. "ಉಳಿದದ್ದು," ಎಂದಳು. "ಅಯ್ಯೋ, ಇಷ್ಟೇನಾ? ಇದನ್ನ ಮೊದಲೇ ಹೀಗೆ ಹೇಳಬಾರದಿತ್ತಾ? ಇದು ನಂಗೆ ಮದುವೆಯಾದಾಗಿಂದ ಗೊತ್ತಿದೆ!" ಮಗಳು ನಗಲು ಹೋಗಿ ನಗಲಿಲ್ಲ. ತಾಯಿ ತಲೆಯೆತ್ತದೆ ಐದೈದು ಸರಿಸುತ್ತ ಹೋದಳು. ಆ ಕಾಲು ಗಂಟೆಯ ವಿಷಯ, ಬಿರುಕಿನ ವಿಷಯ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹೇಳಲಿಲ್ಲ. ಅದು ಅವಳದು.

ತೊಂಬತ್ತೊಂಬತ್ತನೆಯದು ಮುಗಿಸಿ ಚೀಲದೊಳಗೆ ಕೈ ಹಾಕಿದರೆ ಬಟ್ಟೆಯ ತಳ ಸಿಕ್ಕಿತು. ಚೀಲ ಕೊಡವಿದಳು, ಮಂಚದ ಕೆಳಗೆ ಬಗ್ಗಿದಳು. ಅಡುಗೆಮನೆಯಿಂದ ಚಹಾದ ವಾಸನೆ ಬರುತ್ತಿತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತೆ, ಇಲ್ಲಿಂದ ಒಂದು ಪೊಟ್ಟಣ ತಗೊಂಡ್ರಾ?"

"ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗೆ ರಾಶಿ ಕಂಡಿತು, ಒಂದು ತಗೊಂಡೆ. ಒಲೆ ಹಚ್ಚೋದು ಬೇಡ್ವಾ? ಬೆಂಕಿಪೊಟ್ಟಣದ ಕಾರ್ಖಾನೆಯವರ ಮನೇಲಿ ಒಂದು ಕಡ್ಡಿಗೆ ಗತಿ ಇಲ್ಲವಾ?"

"ಎಷ್ಟು ಕಡ್ಡಿ ಗೀರಿದ್ರಿ?"

"ಎರಡು. ಇಲ್ಲ, ಒಂದರ ತಲೆ ಹಾರಿ ಹೋಯ್ತು. ಮೂರು. ತಿಂಡಿಗೂ ಹಚ್ಚಿದ್ನಲ್ಲ, ಅದು ಹಳೇ ಪೊಟ್ಟಣದ್ದೋ ಇದರದ್ದೋ..." ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದರು. "ಈಗ ಕಡ್ಡಿಗೂ ಲೆಕ್ಕ ಕೊಡಬೇಕೇನಮ್ಮ ನಾನು?"

ಮಗಳು ಒಲೆಯ ಸುತ್ತ ಪತ್ತೇದಾರರ ಹಾಗೆ ಹುಡುಕಿ ನಾಲ್ಕು ಸುಟ್ಟ ತುಂಡು ತಂದು ಸಾಲಾಗಿ ಇಟ್ಟಳು. ಅದರಲ್ಲಿ ಒಂದು ಹಳೆಯದಿರಬಹುದು, ಎರಡೂ ಇರಬಹುದು. ಪೊಟ್ಟಣದಲ್ಲಿ ನಲವತ್ತೇಳು ಉಳಿದಿತ್ತು. ನಲವತ್ತೊಂಬತ್ತೋ, ಐವತ್ತೋ, ಐವತ್ತೊಂದೋ. ಕೋಷ್ಟಕದ ಕೊನೆಯ ಮೂಲೆಯ ಮನೆ ಬಾಯಿ ತೆರೆದು ಕೂತಿತ್ತು, ಅದರಡಿ ಸಣ್ಣಕ್ಷರದಲ್ಲಿ: ನೂರಕ್ಕಿಂತ ಕಡಿಮೆ ಇದ್ದಲ್ಲಿ ಐದು ಅಂಕ ಕಳೆಯಲಾಗುವುದು. ಮೂವತ್ತೊಂದು, ಮೂವತ್ತಮೂರು ತೆಗೆದವಳಿಗೆ ಐದು ಅಂಕವೆಂದರೆ ಏನೆಂದು ಆ ಅಚ್ಚು ಮೊಳೆಗಳಿಗೆ ಗೊತ್ತಿರಲಿಲ್ಲ. ಭಾನುವಾರ ಕಾರ್ಖಾನೆಗೆ ಬೀಗ. ಅಂಗಡಿಯಿಂದ ತರೋಣವೆಂದರೆ ಅಂಗಡಿಯಲ್ಲಿರುವುದು ಬೇರೆ ಕಾರ್ಖಾನೆಯದು. "ನಾನು ಚಹಾ ಕುಡಿದು ಬರ್ತೀನಿ," ಎಂದು ಮಗಳು ಎದ್ದು ಹೋದಳು, ಪೆನ್ನನ್ನು ಕೋಷ್ಟಕದ ಮೇಲೇ ಬಿಟ್ಟು. ಒಳಗೆ ಗೊರಕೆ ನಿಂತು, ಮತ್ತೆ ಹೊರಟಿತು. ಅವಳು ಪೆನ್ನು ಎತ್ತಿಕೊಂಡಳು, ಮುಚ್ಚಳ ಹಾಕಿದಳು, ಲೆಕ್ಕವನ್ನೆಲ್ಲ ಮಧ್ಯಾಹ್ನ ತೊಂಬತ್ತೊಂಬತ್ತು ಪೊಟ್ಟಣಕ್ಕೇ ಹಾಕಿದಳು. ಸರಾಸರಿ ಐವತ್ತಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಸರಾಸರಿಯ ಮಟ್ಟಿಗೆ ರಿಜಿಸ್ಟರು ಒಂಬತ್ತು ವರ್ಷ ಸುಳ್ಳೇನೂ ಹೇಳಿರಲಿಲ್ಲ. ವಿಚಲನೆ ಮಾತ್ರ ಮೂರು ದಾಟಿತು.

ಸೋಮವಾರ ಬೆಳಿಗ್ಗೆ ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ಹಾಳೆಗಳನ್ನು ತೆಗೆದುಕೊಳ್ಳುತ್ತಿದ್ದ ಗುಮಾಸ್ತ ಅವಳದನ್ನು ಮೇಲಿನಿಂದ ಕೆಳಗೆ ನೋಡಿ, "ಒಂದು ಮನೆ ಖಾಲಿ ಇದೆ ಮೇಡಂ," ಎಂದ.

"ಕೆಳಗೆ ಬರೆದಿದ್ದೀನಿ ಸರ್."

ಗುಮಾಸ್ತ ಓದಿದ: ನೂರನೆಯ ಪೊಟ್ಟಣದಿಂದ ನಮ್ಮ ಅತ್ತೆಯವರು ಒಲೆ ಹಚ್ಚಿದರು, ಎಷ್ಟು ಕಡ್ಡಿ ಎಂದು ಅವರಿಗೆ ನೆನಪಿಲ್ಲ. ಅವನು ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ಓದಿದ. "ಐದು ಅಂಕ ಹೋಗುತ್ತೆ. ಐವತ್ತು ಅಂತ ಬರೆದುಬಿಡಿ, ಯಾರು ನೋಡ್ತಾರೆ?" ಎಂದು ತನ್ನ ಪೆನ್ನನ್ನೇ ಬಿಚ್ಚಿ ಕೊಟ್ಟ. ಒಳ್ಳೆಯ ಮನುಷ್ಯ. ಒಂಬತ್ತು ವರ್ಷಗಳ ಹಿಂದಿನ ಮೇಲ್ವಿಚಾರಕನೂ ಒಳ್ಳೆಯ ಮನುಷ್ಯನೇ ಆಗಿದ್ದ. ಪೆನ್ನು ಅವನ ಬೆರಳ ಬಿಸಿಗೆ ಬೆಚ್ಚಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಹುಡುಗಿ ಬೇಗ ಬೇಗ ಎಂದಳು. ಅವಳು ಆ ಪೆನ್ನಿನಿಂದ, ಖುದ್ದಾಗಿ ಎಣಿಸಿ ಬರೆದಿದ್ದೇನೆ ಎಂಬುದರ ಕೆಳಗೆ ಸಹಿ ಹಾಕಿ, ಪೆನ್ನು ವಾಪಸು ಕೊಟ್ಟು ಒಳಗೆ ಹೋದಳು. ಏಳನೆಯ ಪ್ರಶ್ನೆ, ಒಂದು ಕಡಿಮೆ ಮಾಡಿ ಭಾಗಿಸುವುದೇಕೆ, ಉದಾಹರಣೆಯೊಂದಿಗೆ ವಿವರಿಸಿ. ಅವಳು ಒಂದೂವರೆ ಪುಟ ಬ್ರೆಡ್ ತುಂಡುಗಳ ಬಗ್ಗೆ ಬರೆದಳು. ಅಷ್ಟು ಬೇಡವಾಗಿತ್ತು, ಕೈ ನಿಲ್ಲಲಿಲ್ಲ.

ಅಂದು ಎರಡನೆಯ ಪಾಳಿಗೆ ಹೋದವಳು ಇಪ್ಪತ್ತು ಪೊಟ್ಟಣವನ್ನೂ ಎಣಿಸಿದಳು. ಮರುದಿನವೂ ಎಣಿಸಿದಳು. ರಿಜಿಸ್ಟರಿನಲ್ಲಿ ನಲವತ್ತನಾಲ್ಕು, ಐವತ್ತೇಳು ಕಾಣಿಸಿಕೊಂಡದ್ದನ್ನು ಯಾರೂ ನೋಡಲಿಲ್ಲ. ಒಂದು ತಿಂಗಳು, ಪ್ರತಿ ಪಾಳಿ, ಚಪ್ಪಲಿ ಬಿಚ್ಚದೆ ಎಣಿಸಿದಳು. ಸುಣ್ಣದ ಕೆಳಗಿನಿಂದ ಬಿರುಕು ಮತ್ತೆ ಸಣ್ಣಗೆ ತಲೆ ಹಾಕುತ್ತಿದೆಯೆಂದು ಕಣ್ಣಂಚಿನಲ್ಲೇ ತಿಳಿಯುತ್ತಿತ್ತು, ಏನಾಗಿ ಬೆಳೆಯುತ್ತಿದೆಯೆಂದು ನೋಡಲು ಪುರುಸೊತ್ತಿರಲಿಲ್ಲ. ತಿಂಗಳ ಕೊನೆಗೆ ಮಧ್ಯಾಹ್ನದ ಹೊತ್ತು ಮಗಳು ಕಾರ್ಖಾನೆಯ ಗೇಟಿಗೆ ಓಡಿಬಂದಳು. ಮೂವತ್ತೆಂಟು. ಐದು ಕಳೆದೂ ಮೂವತ್ತೆಂಟು.

"ಗೆರೆಗಿಂತ ಮೂರು ಮೇಲಮ್ಮಾ!"

"ಓಡಿ ಬಂದೆಯೋ, ಗೇಟ್ ಹತ್ರ ಬಂದು ಓಡಿದೆಯೋ?"

"ಈ ಸಲ ನಿಜವಾಗ್ಲೂ ಓಡಿ ಬಂದೆ," ಎಂದು ಮಗಳು ಕಿರುಬೆರಳು ಚಾಚಿದಳು. ಅವಳು ಗೇಟಿನ ಸರಳುಗಳ ನಡುವಿನಿಂದ ತನ್ನ ಕಿರುಬೆರಳು ಕೊಂಡಿ ಹಾಕಿದಳು.

ಮೇಜಿಗೆ ಮರಳಿ ಬಂದು ಎಣಿಸಲು ಕೂತಳು. ನಲವತ್ತೆಂಟು, ಐವತ್ತೆರಡು, ನಲವತ್ತೈದು, ಒಂದೊಂದನ್ನೂ ಐದೈದಾಗಿ ಸರಿಸಿ, ಮದ್ದಿನ ತಲೆಗಳೆಲ್ಲ ಒಂದೇ ಕಡೆ ಜೋಡಿಸಿ. ಹತ್ತೊಂಬತ್ತು ಪೊಟ್ಟಣ ಮುಗಿಯಿತು. ಅವಳು ಇಪ್ಪತ್ತನೆಯ ಪೊಟ್ಟಣವನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಒಮ್ಮೆ ಅಲ್ಲಾಡಿಸಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಬಿಚ್ಚಿ, ಖಾಲಿ ಪೆಟ್ಟಿಗೆಯ ಮೇಲೆ ಎರಡೂ ಕಾಲು ಚಾಚಿದಳು. ಬಿರುಕು ಈ ಸಲ ಕೊಕ್ಕರೆಯ ಹಾಗಿತ್ತು, ಒಂಟಿಗಾಲಿನದು. ಅವಳು ಅದನ್ನು ನಲವತ್ತು ಸೆಕೆಂಡು ನೋಡಿದಳು. ಇಪ್ಪತ್ತನೆಯ ಮನೆಯಲ್ಲಿ ಐವತ್ತು ಎಂದು ಬರೆದಳು.

ಕೊಟ್ಟ ಮಾತು ಮುರಿಯಿತು.